ಕೇಳುಮನೆ

ನಮ್ಮೂರಲ್ಲಿ ಯಾರದೇ ಕಂಪ್ಯೂಟರ್ ಇರಲಿ, ಸ್ವಿಚ್ ಒತ್ತಿದಾಗ ಅದು ಹಾಕುವ ಕೂಗು ಅದರ ಹತ್ತಿರ ಕೇಳುವುದಿಲ್ಲ, ಇನ್ನೊಬ್ಬರ ಮನೆಯಲ್ಲಿ ಕೇಳುತ್ತದೆ. ಹೈಸ್ಕೂಲಿನ ಯಂತ್ರ ಕೂಗಿದರೆ ಹೂವು ಕಟ್ಟುವ ಪುಟ್ಟತಾಯಿಯ ಬಚ್ಚಲಲ್ಲಿ ಕೇಳುತ್ತದೆ. ಪಂಚಾಯ್ತಿ ಆಫೀಸಿನದು ಕೂಗಿದರೆ ಸೈಕಲ್ ಅಂಗಡಿಯವರ ಅಡುಗೆಮನೆಯಲ್ಲಿ, ಒಗ್ಗರಣೆ ಡಬ್ಬಿಯ ಹಿಂದಿನಿಂದ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ಸೂರ್ಯ ಪೂರ್ವದಲ್ಲೇ ಯಾಕೆ ಹುಟ್ಟುತ್ತಾನೆ ಅಂತ ನೀವು ಯಾರ ಹತ್ತಿರವಾದರೂ ಹೋಗಿ ಜಗಳ ಆಡಿದ್ದೀರಾ?

ಯಾವ ಮನೆಯಲ್ಲಿ ಕೇಳುತ್ತದೋ ಅದು ಆ ಯಂತ್ರದ ಕೇಳುಮನೆ. ಕೂಗು ಬಿದ್ದ ಕೂಡಲೇ ಕೇಳುಮನೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು, ಹಿಟ್ಟಿನ ಕೈಯಾದರೆ ಹಿಟ್ಟಿನ ಕೈಯಲ್ಲೇ, ಯಂತ್ರದವರಿಗೆ ಹೋಗಿ ಹೇಳಬೇಕು. ‘ಒಂದು ಗಿಡ್ಡ’ ಅಂದರೆ ಯಂತ್ರ ಸುಖವಾಗಿದೆ. ‘ಉದ್ದುದ್ದ, ನಿಲ್ಲದ ಹಾಗೆ’ ಅಂದರೆ ರ‍್ಯಾಮ್ ಕೈ ಕೊಟ್ಟಿದೆ. ‘ಒಂದು ಉದ್ದ, ಎರಡು ಗಿಡ್ಡ’ ಅಂದರೆ ಡಿಸ್‌ಪ್ಲೇ ಕಾರ್ಡಿನ ತೊಂದರೆ. ಏನೂ ಕೇಳದಿದ್ದರೆ ಬೋರ್ಡೇ ಸತ್ತಿದೆ. ಅಲ್ಲಿಂದಾಚೆಗೆ ನನ್ನ ಕೆಲಸ. ನನ್ನ ಹೆಸರು ಚಂಪಕಮಾಲಾ, ಊರವರ ಬಾಯಲ್ಲಿ ಚಂಪಕ್ಕ. ಬಸ್ ಸ್ಟ್ಯಾಂಡಿನ ಎದುರು ನನ್ನ ರಿಪೇರಿ ಅಂಗಡಿ.

ಈ ಏರ್ಪಾಟಿಗೆ ಇರುವುದು ಒಂದೇ ಕಟ್ಟು. ಕೇಳುಮನೆಯವರು ಹೇಳಿದ್ದನ್ನು ನಂಬಬೇಕು. ಯಂತ್ರ ನಿಮ್ಮದೇ ಆದರೂ ನೀವು ಹೋಗಿ ಅವರ ಮನೆಯೊಳಗೆ ಕಿವಿಗೊಟ್ಟು ಕೂರುವ ಹಾಗಿಲ್ಲ. ಕೂತರೆ ಅವರನ್ನು ಮುಖಕ್ಕೆ ಹೊಡೆದ ಹಾಗೆ ಸುಳ್ಳರು ಅಂದಂತೆ. ಹಿಂದೊಮ್ಮೆ ಅಕ್ಕಿ ಗಿರಣಿಯವನೊಬ್ಬ ಹೀಗೆ ಹೋಗಿ ಕೂತದ್ದಕ್ಕೆ ಛತ್ರ ಗೊತ್ತುಮಾಡಿದ್ದ ಮದುವೆಯೇ ಮುರಿದುಬಿತ್ತು. ಫೋನಿನಲ್ಲಿ ಕೇಳಿಸೋಣ ಅಂದರೆ ಆ ಕೂಗು ಫೋನಿನೊಳಗೆ ಹೋಗುವುದಿಲ್ಲ, ಬರೀ ಗಾಳಿಯ ಸದ್ದು. ಹೀಗಾಗಿ ನಾವು ಬೇಲಿಗೆ ಜಗಳ ಆಡಿದ್ದೇವೆ, ನಲ್ಲಿ ನೀರಿಗೆ ಆಡಿದ್ದೇವೆ, ಆದರೆ ಕೂಗಿನ ವಿಷಯಕ್ಕೆ ಅವನಾದ ಮೇಲೆ ಯಾರೂ ಯಾರನ್ನೂ ಅನುಮಾನಿಸಿದವರಲ್ಲ.

ನಮ್ಮೂರು ಎರಡು ಗುಡ್ಡದ ಮೇಲಿದೆ. ನಡುವೆ ಆಳವಾದ ಕಮರಿ. ಆಚೆಗುಡ್ಡಕ್ಕೆ ರಸ್ತೆ ಹಿಡಿದು ಹೋದರೆ ಅರ್ಧ ದಿನ ಬೇಕು. ತೊಟ್ಟಿಲಲ್ಲಿ ಕೂತರೆ ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟರಲ್ಲಿ ಅಲ್ಲಿರುತ್ತೀರಿ. ತೊಟ್ಟಿಲು ಅಂದರೆ ತಂತಿಯ ಮೇಲೆ ಓಡುವ ಕಬ್ಬಿಣದ ಪೆಟ್ಟಿಗೆ, ಒಳಗೆ ಎದುರುಬದುರು ಎರಡು ಬೆಂಚು. ಅದನ್ನು ಎಳೆಯುವುದೂ ನಿಲ್ಲಿಸುವುದೂ ತೊಟ್ಟಿಲು ಸ್ಟೇಷನ್ನಿನಲ್ಲಿರುವ ಕಂಪ್ಯೂಟರು. ಆ ಕಂಪ್ಯೂಟರಿನ ಕೇಳುಮನೆ ಸ್ಟೇಷನ್ನಿನ ಮೇಲಿನ ದಿಬ್ಬದಲ್ಲಿರುವ ದೇವೀರಮ್ಮನವರ ಮನೆ. ಬೆಳಿಗ್ಗೆ ಯಂತ್ರ ಹಾಕುವ ಮುಂಚೆ ಕೆಳಗಿನಿಂದ ಕೆಂಪು ಬಾವುಟ ಬೀಸುತ್ತಾರೆ, ದೇವೀರಮ್ಮ ಒಳಗೆ ಹೋಗುತ್ತಾರೆ, ಜಗಲಿಗೆ ಬಂದು ಗಂಟಲೆತ್ತಿ “ಒಂದು ಗಿಡ್ಡ!” ಅನ್ನುತ್ತಾರೆ. ಆಮೇಲೆ ತೊಟ್ಟಿಲು ಹೊರಡುತ್ತದೆ. ಅವರ ಆ ದನಿ ಕೇಳಿಯೇ ನಮ್ಮ ಬೀದಿಯಲ್ಲಿ ಅರ್ಧ ಜನ ಒಲೆ ಹಚ್ಚುವುದು.

ಇನ್ನೊಂದು ಮಾತು. ಮಧ್ಯಾಹ್ನ ಇಳಿಯುತ್ತಿದ್ದಂತೆ ಕಮರಿಯಿಂದ ಗಾಳಿ ಏಳುತ್ತದೆ, ಒಂದು ದಿನವೂ ತಪ್ಪುವುದಿಲ್ಲ. ಅಷ್ಟರೊಳಗೆ ತೊಟ್ಟಿಲನ್ನು ದಡಕ್ಕೆ ತಂದು ಸರಪಳಿ ಹಾಕಬೇಕು. ಹೋದ ವರ್ಷ ಒಂದು ಖಾಲಿ ತೊಟ್ಟಿಲನ್ನು ನಡುವೆಯೇ ಬಿಟ್ಟುಬಿಟ್ಟಿದ್ದರು. ಗಾಳಿ ಅದನ್ನು ಅಲ್ಲೇ ನಡುವೆ ನೆಟ್ಟಿರುವ ತಂತಿಯ ಕಂಬಕ್ಕೆ ಬಡಿದು ಬಡಿದು ಅಪ್ಪಚ್ಚಿ ಮಾಡಿ ಕೆಳಕ್ಕೆ ಎಸೆದಿತ್ತು.

ಅವತ್ತು ನಾನು ಅಂಗಡಿಯಲ್ಲಿ ಒಂದು ಕೀಬೋರ್ಡ್ ಬೋರಲು ಹಾಕಿ ಕುಟ್ಟಿ ಅವಲಕ್ಕಿ ಉದುರಿಸುತ್ತಿದ್ದೆ. ಕೆಂಪರಾಜುವಿನ ಫೋನ್ ಬಂತು. ಕೆಂಪರಾಜು ತೊಟ್ಟಿಲು ಓಡಿಸುವವನು, ಒಳ್ಳೆಯ ಹುಡುಗ ಅನ್ನೋಣ ಅಂದರೆ ಎರಡು ಮಕ್ಕಳ ತಂದೆ, ಆದರೂ ಬೆಕ್ಕು ಅಡ್ಡ ಬಂದರೆ ಬೆವರುವ ಜಾತಿ.

“ಚಂಪಕ್ಕಾ, ಬೇಗ ಬನ್ನಿ. ತೊಟ್ಲು ನಡೂಮಧ್ಯ ನಿಂತೋಯ್ತು. ಮಾನಿಟರ್ ಕಪ್ಪಾಗಿದೆ, ಏನ್ ಮಾಡಿದ್ರೂ ಏಳ್ತಿಲ್ಲ.”

“ಒಳಗೆ ಯಾರಾದ್ರೂ ಇದಾರೇನೋ?”

“ಅದೂ… ಅಕ್ಕಾ…”

“ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ? ಯಾರಿದಾರೆ?”

“ಇಂದುಧರಣ್ಣ ಒಬ್ರೇ” ಅಂದ.

ಇಂದುಧರ ನನ್ನ ಗಂಡ. ಆಚೆಗುಡ್ಡದ ಮದುವೆ ಮನೆಗೆ ಹೊಲಿದ ರವಿಕೆಗಳ ಗಂಟು ಹೊತ್ತು ಬೆಳಿಗ್ಗೆ ಹೊರಟಿದ್ದರು. ದರ್ಜಿ ಕೆಲಸದವರು, ಸ್ಟೂಲಿನ ಮೇಲೆ ನಿಂತು ಬಲ್ಬು ಬದಲಾಯಿಸು ಅಂದರೂ ತಲೆಸುತ್ತು ಬರುತ್ತದೆ ಅನ್ನುವ ಮನುಷ್ಯ. ತೊಟ್ಟಿಲು ಹತ್ತಿದರೆ ಆಚೆ ದಡ ಮುಟ್ಟುವವರೆಗೆ ಕಣ್ಣು ಬಿಡುವುದಿಲ್ಲ. ಫೋನ್ ಮಾಡೋಣ ಅಂದರೆ ಅವರ ಫೋನು ಯಾವತ್ತಿನ ಹಾಗೆ ಮನೆಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ. ಚೀಲ ಹೆಗಲಿಗೆ ಹಾಕಿಕೊಂಡು ಓಡಿದೆ, ಅಂಗಡಿಯ ಬಾಗಿಲು ಎಳೆದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಸ್ಟೇಷನ್ನಿನ ಕಟ್ಟೆಯಿಂದ ನೋಡಿದರೆ ಕಮರಿಯ ನಡುವೆ ತೊಟ್ಟಿಲು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಕಿಟಕಿಯಲ್ಲಿ ಒಂದು ಬಿಳಿ ಚುಕ್ಕೆ. ಅವರ ಅಂಗಿಯೋ, ರವಿಕೆಯ ಗಂಟೋ ತಿಳಿಯಲಿಲ್ಲ. ಇನ್ನೂ ಅಲ್ಲಾಡುತ್ತಿರಲಿಲ್ಲ.

“ಕೈಯಲ್ಲಿ ತಿರುಗಿಸೋ ಚಕ್ರ ಇದೆಯಲ್ಲೋ, ಅದರಲ್ಲಿ ಎಳೆಯೋಕಾಗಲ್ವಾ?” ಅಂದೆ.

“ಬ್ರೇಕ್ ಕಚ್ಕೊಂಡಿದೆ ಅಕ್ಕ. ಕಂಪ್ಯೂಟರ್ ಸರಿಯಾಗಿ ಎದ್ದು ಬಿಡು ಅನ್ನೋವರೆಗೂ ಬಿಡಲ್ಲ. ಒಂದ್ಸಲ ಆಫ್ ಮಾಡಿದ್ರೆ ಬ್ರೇಕಿನ ಎಣ್ಣೆ ಇಳಿದು ತಣ್ಣಗಾಗೋವರೆಗೂ ಮತ್ತೆ ಆನ್ ಮಾಡೋ ಹಾಗಿಲ್ಲ. ಗಾಳಿ ಏಳೋದ್ರೊಳಗೆ ನಾಕೈದು ಸಲ ಹಾಕ್ಬೋದೇನೋ, ಅಷ್ಟೇ.”

ನಾಲ್ಕೈದು ಸಲ. ಹೊಸ ಬೋರ್ಡ್ ಹಾಕಬೇಕಾಗಿ ಬಂದರೆ ತಂತಿಯ ಲೆಕ್ಕವೆಲ್ಲ ಮತ್ತೆ ಕೂರಿಸಬೇಕು, ಅದಕ್ಕೆ ಸಂಜೆಯಾಗುತ್ತದೆ. ಅಂದರೆ ಕಣ್ಣು ಮುಚ್ಚಿಕೊಂಡು ಅದನ್ನೊಂದು ಬದಲಾಯಿಸಿ ಇದನ್ನೊಂದು ಬದಲಾಯಿಸಿ ನೋಡುವ ಆಟ ನಡೆಯುವುದಿಲ್ಲ. ಕೂಗು ಏನು ಹೇಳುತ್ತದೋ ಅದನ್ನೇ ಹಿಡಿದು ಹೋಗಬೇಕು.

ಕೆಂಪರಾಜು ಬಾವುಟ ಬೀಸಿ ಸ್ವಿಚ್ ಹಾಕಿದ. ದಿಬ್ಬದ ಮೇಲೆ ದೇವೀರಮ್ಮ ಒಳಗೆ ಹೋದರು. ಗಂಜಿ ಹಾಕಿದ ಸೀರೆ, ನೆಟ್ಟಗಿನ ಬೆನ್ನು, ಎಪ್ಪತ್ತು ದಾಟಿದ ಹೆಂಗಸು ಅಂತ ಯಾರೂ ಹೇಳುವ ಹಾಗಿಲ್ಲ. ಹೊರಗೆ ಬಂದು ಕೈಯೆತ್ತಿ ಕೂಗಿದರು.

“ಒಂದು ಉದ್ದ! ಎರಡು ಗಿಡ್ಡ!”

ಡಿಸ್‌ಪ್ಲೇ ಕಾರ್ಡ್. ಅಬ್ಬಾ ಅನ್ನಿಸಿತು. ಕಾರ್ಡ್ ತಾನೇ, ಚೀಲದಲ್ಲೇ ಇನ್ನೊಂದಿದೆ. ಕ್ಯಾಬಿನೆಟ್ ಬಿಚ್ಚಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ ಸ್ಕ್ರೂ ಬಿಗಿಮಾಡಿದೆ. ಎಣ್ಣೆ ತಣ್ಣಗಾಗುವವರೆಗೆ ಕಾದೆವು. ಕಾಯುವುದಿದೆಯಲ್ಲ, ಅದಕ್ಕಿಂತ ಕಲ್ಲು ಹೊರುವುದು ವಾಸಿ. ಮತ್ತೆ ಬಾವುಟ, ಮತ್ತೆ ಸ್ವಿಚ್. ಮಾನಿಟರ್ ಕಪ್ಪಗೇ ಇತ್ತು.

“ಒಂದು ಉದ್ದ! ಎರಡು ಗಿಡ್ಡ!”

“ದೇವೀರಮ್ಮನೋರೇ, ಹಿಂದಿನ ಸಲದಷ್ಟೇ ಉದ್ದನಾ? ಸ್ವಲ್ಪ ಹೆಚ್ಚಾ?” ಅಂತ ಕೆಳಗಿನಿಂದ ಕೂಗಿದೆ. ಅವರು ನನ್ನ ಕಡೆ ನೋಡಿ, ಏನೂ ಹೇಳದೆ ಒಳಗೆ ಹೋದರು.

“ಅವರನ್ನ ಹಾಗೆಲ್ಲ ಪ್ರಶ್ನೆ ಕೇಳ್ತಾರೇನಮ್ಮಾ?” ಅಂತ ಹಿಂದಿನಿಂದ ಒಂದು ದನಿ. ತಿರುಗಿದರೆ ದಿನಸಿ ಅಂಗಡಿಯ ಗುರುಬಸಪ್ಪ. ಅಷ್ಟರಲ್ಲಿ ಅರ್ಧ ಊರು ಕಟ್ಟೆಯ ಮೇಲೆ ಸೇರಿತ್ತು, ಎಲ್ಲರಿಗಿಂತ ಮುಂದೆ ಅವರ ಹೊಟ್ಟೆ. ಅವರ ಮನೆ ಆಸ್ಪತ್ರೆಯ ಯಂತ್ರದ ಕೇಳುಮನೆ. ಅದಕ್ಕೇ ಊರಿನ ಕಟ್ಟುಪಾಡಿಗೆಲ್ಲ ತಾವೇ ಕಾವಲು ಅನ್ನುವ ಠೀವಿ. “ದೊಡ್ಡ ಮನೆತನ ಅದು. ಒಂದ್ಸಲ ಹೇಳಿದ್ರೆ ಮುಗೀತು.”

ಜಗಳಕ್ಕೆ ಹೊತ್ತಿರಲಿಲ್ಲ. ಹಳೇ ಕಾರ್ಡೂ ಹೀಗೇ ಹೇಳಿತು, ಹೊಸ ಕಾರ್ಡೂ ಹೀಗೇ ಹೇಳುತ್ತಿದೆ. ನನ್ನ ತಲೆಯಲ್ಲಿ ಹುಳ ಓಡಾಡತೊಡಗಿತು. ತೊಟ್ಟಿಲಿನ ಕಡೆ ನೋಡಿದೆ. ತಂತಿ ಇಷ್ಟೇ ಇಷ್ಟು ನಡುಗುತ್ತಿತ್ತು.

ಆಗ ಒಂದು ಕೆಲಸ ಮಾಡಿದೆ. ನಮ್ಮ ಕಸುಬಿನಲ್ಲಿ ಏನೂ ತೋಚದಾಗ ಮಾಡುವ ಕೆಲಸ. ರ‍್ಯಾಮಿನ ಎರಡು ಪಟ್ಟಿಗಳನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ. ರ‍್ಯಾಮೇ ಇಲ್ಲದ ಬೋರ್ಡು, ಜೀವ ಇದ್ದರೆ, ಉದ್ದುದ್ದ ಬಾಯಿ ಬಡಿದುಕೊಳ್ಳಲೇಬೇಕು. ಜೀವ ಇಲ್ಲದಿದ್ದರೆ ಸುಮ್ಮನಿರಬೇಕು. ಮೂರನೆಯ ದಾರಿ ಇಲ್ಲ.

“ಬೀಸು” ಅಂದೆ.

ಕೆಂಪರಾಜು ಬೀಸಿದ. ದೇವೀರಮ್ಮ ಒಳಗೆ ಹೋದರು, ಬಂದರು.

“ಒಂದು ಉದ್ದ! ಎರಡು ಗಿಡ್ಡ!”

ಆಗದ ಮಾತು ಅದು. ಬೇಕಾದರೆ ಕೋಳಿ ಕರು ಹಾಕಲಿ, ರ‍್ಯಾಮ್ ಇಲ್ಲದ ಬೋರ್ಡು ಒಂದು ಉದ್ದ ಎರಡು ಗಿಡ್ಡ ಕೂಗುವುದಿಲ್ಲ. ಮೂರು ಸಲ ಆ ಮನೆಯಲ್ಲಿ ಏನು ಕೂಗಿತೋ ದೇವರಿಗೇ ಗೊತ್ತು, ಹೊರಗೆ ಬಂದದ್ದು ಮಾತ್ರ ಅದಲ್ಲ. ಆ ಮಾತು ನಂಬಿಕೊಂಡು ನಾನು ಇಷ್ಟು ಹೊತ್ತು ಹಾಳುಮಾಡಿದ್ದೆ, ಅಲ್ಲಿ ಆ ಮನುಷ್ಯ ಕಣ್ಣು ಮುಚ್ಚಿಕೊಂಡು ನೇತಾಡುತ್ತಿದ್ದರು. ಮೈಯೆಲ್ಲ ಉರಿದುಹೋಯಿತು.

“ಕೆಂಪಾ, ಫೋನ್ ಕೈಲಿ ಹಿಡ್ಕೊಂಡಿರು. ನಾನು ಹೇಳ್ದಾಗ ಹೇಳ್ದಂಗೆ ಮಾಡು” ಅಂತ ರ‍್ಯಾಮ್ ಪಟ್ಟಿಗಳನ್ನು ಅವನ ಕೈಗೆ ತುರುಕಿ ದಿಬ್ಬದ ಮೆಟ್ಟಿಲು ಹತ್ತಿದೆ. ನಾನು ಎಲ್ಲಿಗೆ ಹೊರಟೆ ಅಂತ ಜನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಗುರುಬಸಪ್ಪ ನನಗಿಂತ ಬೇಗ ಹತ್ತಿ ಬಂದು ಬಾಗಿಲಿಗೆ ಅಡ್ಡ ನಿಂತರು. ಅಷ್ಟು ದೊಡ್ಡ ದೇಹ ಅಷ್ಟು ವೇಗವಾಗಿ ಓಡುತ್ತದೆ ಅಂತ ನಾನು ಎಣಿಸಿರಲಿಲ್ಲ.

“ಎಲ್ಲಿಗೆ ಚಂಪಾ?”

“ಒಳಗೆ.”

“ಕೇಳುಮನೆಗೆ ಕಿವಿಗೊಡೋಕಾ? ನಾಚಿಕೆ ಆಗಲ್ವಾ? ಇವತ್ತು ಇವರ ಮನೆ ಹೊಸ್ತಿಲು ದಾಟ್ತೀಯಾ, ನಾಳೆ ನನ್ನ ಮನೇದು ದಾಟ್ತೀಯಾ. ಆಮೇಲೆ ಈ ಊರಲ್ಲಿ ಯಾರು ಯಾರನ್ನ ನಂಬ್ತಾರೆ?”

“ಗುರುಬಸಪ್ಪನೋರೇ, ಅಲ್ಲಿ ನೇತಾಡ್ತಿರೋದು ನನ್ನ ಗಂಡ.”

“ಯಾರಾದ್ರೇನು? ಕಟ್ಟು ಕಟ್ಟೇ.”

“ನಿಮ್ಮ ಕಟ್ಟಿಗೆ ಬೆಂಕಿ ಹಾಕ” ಅಂದೆ. ಮೊಣಕೈಯಲ್ಲಿ ಒಂದು ತಿವಿತ ತಿವಿದೆ. ಅವರು “ಅಯ್ಯಯ್ಯೋ” ಅನ್ನುತ್ತ ಜಗಲಿಯ ಮೇಲೆ ಕುಕ್ಕರಿಸಿದರು. ಕೆಳಗಿನಿಂದ ಜನ ‘ಹೋ’ ಅಂತ ಕೂಗಿದರು. ನಾನು ಒಳಗೆ ಹೋಗಿ ಅಗುಳಿ ಹಾಕಿಕೊಂಡೆ.

ನಡುಮನೆಯಲ್ಲಿ ದೇವೀರಮ್ಮ ನನಗೆ ಬೆನ್ನು ಮಾಡಿ ನಿಂತಿದ್ದರು. “ದೇವೀರಮ್ಮನೋರೇ!” ಅಂದೆ, ಜೋರಾಗಿಯೇ. ತಿರುಗಲಿಲ್ಲ. ಇಷ್ಟು ಸೊಕ್ಕೇ ಅಂದುಕೊಂಡು ಇನ್ನೂ ಜೋರಾಗಿ ಕರೆದೆ. ಹೊರಗೆ ಗುರುಬಸಪ್ಪ ಬಾಗಿಲನ್ನು ದಬದಬ ಬಡಿಯುತ್ತಿದ್ದರು, ತೊಲೆಯಿಂದ ಮಣ್ಣು ಉದುರುತ್ತಿತ್ತು. ಅದಕ್ಕೂ ಅವರು ತಿರುಗಲಿಲ್ಲ. ಅಕ್ಕಿ ಡ್ರಮ್ಮಿನ ಪಕ್ಕದ ಗೋಡೆಗೆ ಎರಡೂ ಅಂಗೈ ಒತ್ತಿ, ಕೆನ್ನೆಯನ್ನೂ ಒತ್ತಿ ನಿಂತಿದ್ದರು. ಗೋಡೆ ನಡುಗಿದರೆ ಕೈಗಾದರೂ ಗೊತ್ತಾದೀತೇ ಅಂತ. ಜ್ವರ ಬಂದ ಮಗುವಿನ ಮೈ ಮುಟ್ಟಿ ನೋಡುವವರ ಹಾಗೆ.

ಬೈಯಬೇಕು ಅಂತ ಬಾಯಲ್ಲಿ ತುಂಬಿಕೊಂಡು ಬಂದಿದ್ದೆಲ್ಲ ಮರೆತೇಹೋಯಿತು. ಹೋಗಿ ಭುಜ ಮುಟ್ಟಿದೆ. ಹಾವು ತುಳಿದವರ ಹಾಗೆ ಬೆಚ್ಚಿಬಿದ್ದರು.

“ಯಾವಾಗಿಂದ?” ಅಂದೆ. ನನ್ನ ತುಟಿ ನೋಡಿದರು. ಕಿವಿ ತೋರಿಸಿ ಮತ್ತೆ ಕೇಳಿದೆ.

ಸುಳ್ಳು ಹೇಳುವುದೋ ಬೇಡವೋ ಅಂತ ಒಂದು ಗಳಿಗೆ ಅವರ ಮುಖದಲ್ಲಿ ಕುಸ್ತಿ ನಡೆಯಿತು. ಆಮೇಲೆ ಡ್ರಮ್ಮಿನ ಮೇಲೆ ಕೂತುಬಿಟ್ಟರು.

“ಹೋದ ಬೇಸಿಗೆಯಿಂದ ಕಣೇ. ಮೊದಲು ಸಣ್ಣಗೆ ಕೇಳ್ತಿತ್ತು. ಆಮೇಲೆ ಪೂರ್ತಿ ನಿಂತೋಯ್ತು. ದಿನಾ ಯಂತ್ರ ಸರಿಯಾಗೇ ಏಳ್ತಿತ್ತಲ್ಲ, ಒಂದು ಗಿಡ್ಡ ಅಂದ್ಬಿಡ್ತಿದ್ದೆ. ಯಾರಿಗೂ ತೊಂದರೆ ಆಗ್ಲಿಲ್ವಲ್ಲ.”

“ಇವತ್ತು?”

“ಹಿಂದೊಂದ್ಸಲ ಕೆಟ್ಟಾಗ ಒಂದು ಉದ್ದ, ಎರಡು ಗಿಡ್ಡ ಕೂಗಿತ್ತು. ಅವತ್ತು ನೀನು ಬಂದು ಚಿಟಿಕೆ ಹೊಡೆಯೋದ್ರಲ್ಲಿ ಸರಿ ಮಾಡ್ದೆ. ಅದನ್ನೇ ಹೇಳಿದ್ರೆ ಇವತ್ತೂ ಸರಿ ಮಾಡ್ತೀಯೇನೋ ಅಂತ…”

ಇಂಥ ಮಾತಿಗೆ ಏನು ಹೇಳುತ್ತೀರಿ? ಅಳಬೇಕೋ, ಕೈಗೆ ಸಿಕ್ಕಿದ್ದನ್ನು ಎತ್ತಿ ಬಡಿಯಬೇಕೋ ತಿಳಿಯಲಿಲ್ಲ. “ತೊಟ್ಟಿಲಲ್ಲಿ ನಮ್ಮ ಯಜಮಾನರಿದಾರೆ ಕಣ್ರೀ!” ಅಂತ ಚೀರಿದೆ. ಅವರಿಗೆ ಅದು ಕೇಳಿತೋ, ನನ್ನ ಮುಖ ನೋಡಿಯೇ ತಿಳಿಯಿತೋ, ಬಾಯಿಗೆ ಸೆರಗು ಒತ್ತಿಕೊಂಡರು. “ಇಂದುಧರನಾ? ಖಾಲಿ ತೊಟ್ಲು ಅಂದ್ಕೊಂಡಿದ್ದೆನಲ್ಲೇ! ಯಾರೂ ಹೇಳ್ಲೇ ಇಲ್ವಲ್ಲೇ ನಂಗೆ!”

ಎಲ್ಲರೂ ಹೇಳಿದ್ದರು. ಕಟ್ಟೆಯ ಮೇಲಿನಿಂದ ಇಡೀ ಊರು ಕೂಗಿ ಹೇಳಿತ್ತು.

ಫೋನ್ ಹಚ್ಚಿದೆ. “ಕೆಂಪಾ, ಎಣ್ಣೆ ತಣ್ಣಗಾಯ್ತಾ? ರ‍್ಯಾಮ್ ಇಲ್ಲದ ಹಾಗೇ ಹಾಕು.”

ಹಾಕಿದ. ಡ್ರಮ್ಮಿನ ಹಿಂದಿನ ಗೋಡೆಯೊಳಗಿಂದ, ಹಸಿದ ಕರುವಿನ ಹಾಗೆ, ಉದ್ದಕ್ಕೆ ಒಂದು ಕೂಗು ಬಂತು. ಮತ್ತೆ ಒಂದು. ಮತ್ತೆ. ಇಷ್ಟು ವರ್ಷ ರಿಪೇರಿ ಮಾಡಿದ್ದೇನೆ, ಒಂದು ಯಂತ್ರದ ಕೂಗನ್ನೂ ನನ್ನ ಕಿವಿಯಾರೆ ಕೇಳಿರಲಿಲ್ಲ. ಬೋರ್ಡಿಗೆ ಜೀವ ಇದೆ. ಹಾಗಾದರೆ ಕೆಟ್ಟಿರುವುದು ರ‍್ಯಾಮೇ, ಅಥವಾ ಅದು ಕೂರುವ ಸಂದಿ.

“ಆಫ್ ಮಾಡು. ನನ್ನ ಚೀಲದಲ್ಲಿ ಪೆನ್ಸಿಲ್ ರಬ್ಬರ್ ಇದೆ. ಪಟ್ಟಿಯ ಅಂಚಲ್ಲಿ ಹಳದಿ ಹಲ್ಲು ಕಾಣುತ್ತಲ್ಲ, ಅದನ್ನ ಎರಡೂ ಕಡೆ ಉಜ್ಜು. ಬೆರಳು ತಾಗಿಸ್ಬೇಡ. ಒಂದೇ ಪಟ್ಟಿ ಹಾಕು, ಒಳಗಿನ ಸಂದಿಗೆ. ಎರಡು ಕಡೆ ಕ್ಲಿಪ್ಪಿನ ಕಿವಿ ಕಟ್ ಅಂತ ಕಚ್ಕೋಬೇಕು.”

“ಉಜ್ತಿದೀನಿ ಅಕ್ಕಾ.”

“ತೊಟ್ಲು ಹೇಗಿದೆ?”

“ತೂಗ್ತಿದೆ.”

ಬಾಗಿಲು ಬಡಿಯುವುದು ನಿಂತಿತ್ತು. ಅಂದರೆ ಗುರುಬಸಪ್ಪನೂ ಕಮರಿಯ ಕಡೆ ನೋಡುತ್ತಿದ್ದಾರೆ ಅಂತ ಅರ್ಥ. ಆ ಮನೆಗೆ ಕಮರಿಯ ಕಡೆ ಕಿಟಕಿಯಿಲ್ಲ. ನನಗೆ ಕಾಣುತ್ತಿದ್ದದ್ದು ಒಂದು ಗೋಡೆ ಮತ್ತು ಒಬ್ಬ ಮುದುಕಿ. ಹೆಂಚಿನ ಮೇಲೆ ಗಾಳಿಯ ಮೊದಲ ಸುಯ್ಯಿ ಕೇಳಿಸಿತು. ಮದುವೆಯಾದಾಗಿನಿಂದ ಆ ಮನುಷ್ಯನಿಗೆ ಒಂದು ಒಳ್ಳೆಯ ಮಾತು ಆಡಿದ್ದೇನೆಯೇ ಅಂತ ಹುಡುಕಿದೆ, ಒಂದೂ ಸಿಗಲಿಲ್ಲ. ಆಡಿರುತ್ತೇನೆ. ಆ ಹೊತ್ತಿಗೆ ನೆನಪಾಗಲಿಲ್ಲ.

“ಹಾಕ್ತೀನಿ ಅಕ್ಕ.”

ಗೋಡೆ ಕೂಗಿತು. ಉದ್ದ. ಉದ್ದ. ಉದ್ದ.

ದೇವೀರಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ತಲೆ ಅಲ್ಲಾಡಿಸಿದೆ.

“ಆ ಪಟ್ಟಿ ಕಿತ್ತು ಎಸಿ. ಇನ್ನೊಂದನ್ನ ಉಜ್ಜು. ಅದೇ ಸಂದಿಗೆ ಬೇಡ, ಹೊರಗಿನದಕ್ಕೆ ಹಾಕು. ಮೊದಲು ಬಾಯಲ್ಲಿ ಸಂದಿಯೊಳಗೆ ಊದು.”

“ಎಣ್ಣೆ ಇನ್ನೂ ಇಳಿದಿಲ್ಲ.”

“ಎಷ್ಟಿದೆ?”

“ಕೆಂಪು ಗೆರೆ ಮೇಲಿದೆ ಅಕ್ಕ. ತೊಟ್ಲು… ಜೋರಾಗಿ ತೂಗ್ತಿದೆ. ಕಂಬಕ್ಕೆ ಇನ್ನೊಂದು ಮೊಳ ಅಷ್ಟೇ.” ಅವನ ಹಿಂದೆ ಹೆಂಗಸರು ದೇವರನ್ನು ಕರೆಯುವುದು ಕೇಳಿಸುತ್ತಿತ್ತು.

ಕಾದೆ. ದೇವೀರಮ್ಮ ನನ್ನ ಕೈ ಹಿಡಿದುಕೊಂಡರು. “ಚಂಪಾ, ಈ ಮನೇಗೆ ಈ ಹೆಸರೊಂದು ಬಿಟ್ರೆ ಇನ್ನೇನೂ ಇಲ್ಲ ಕಣೇ. ಹೊರಗೆ ಹೇಳ್ಬೇಡ” ಅಂದರು. ಹೇಳುವುದಿಲ್ಲ ಅಂತಲೂ ಅನ್ನಲಿಲ್ಲ, ಹೇಳುತ್ತೇನೆ ಅಂತಲೂ ಅನ್ನಲಿಲ್ಲ. ಅವರ ಮೇಲೆ ಕನಿಕರ ಇತ್ತು, ಅಷ್ಟೇ ಸಿಟ್ಟೂ ಇತ್ತು, ಎರಡೂ ಒಂದೇ ಕೈ ಹಿಡಿದುಕೊಂಡು ಕೂತಿದ್ದವು.

“ಇಳೀತು. ಹಾಕ್ತಿದೀನಿ” ಅಂದ ಕೆಂಪರಾಜು.

ಗೋಡೆ ಸುಮ್ಮನಿತ್ತು. ಇನ್ನೂ ಸುಮ್ಮನಿತ್ತು. ಬೋರ್ಡೇ ಹೋಯಿತು, ಎಲ್ಲ ಮುಗಿಯಿತು ಅಂದುಕೊಂಡೆ. ಆಗ ಒಂದು ಸಣ್ಣ ಕೂಗು, ಗುಬ್ಬಿಮರಿ ಬಾಯಿ ಬಿಟ್ಟಷ್ಟು. ಒಂದೇ. ನಾನು ಉಸಿರು ಹಿಡಿದು ಇನ್ನೊಂದಕ್ಕೆ ಕಾದೆ. ಬರಲಿಲ್ಲ.

ದೇವೀರಮ್ಮ ಕಣ್ಣಲ್ಲೇ ಕೇಳಿದರು. ಒಂದು ಬೆರಳು ಎತ್ತಿ ತೋರಿಸಿದೆ. ಅವರು ಗೋಡೆಗೆ ಹಣೆ ಒರಗಿಸಿದರು.

“ಬಂತು ಅಕ್ಕಾ! ಪರದೆ ಬಂತು! ಬ್ರೇಕ್ ಬಿಡ್ತು, ಬಿಡ್ತು!” ಅಂತ ಫೋನಿನಲ್ಲಿ ಕೆಂಪರಾಜು ಅಳುತ್ತಿದ್ದ. ನಾನು ಅಗುಳಿ ತೆಗೆದು ಮೆಟ್ಟಿಲನ್ನು ಎರಡೆರಡಾಗಿ ಇಳಿದೆ.

ತೊಟ್ಟಿಲು ಬರುತ್ತಿತ್ತು. ಬರುವಾಗಲೂ ಗಾಳಿ ಅದನ್ನು ಬಿಡಲಿಲ್ಲ, ಆ ಕಡೆ ಈ ಕಡೆ ಎಳೆದಾಡುತ್ತಲೇ ಇತ್ತು. ಒಮ್ಮೆ ಅದರ ಮೂಲೆ ಕಂಬಕ್ಕೆ ತಗುಲಿ ‘ಠಣ್’ ಅಂದಾಗ ಇಡೀ ಕಟ್ಟೆ ಉಸಿರು ಬಿಡುವುದನ್ನು ಮರೆಯಿತು. ಕಡೆಗೆ ದಡದ ಕೊಕ್ಕೆಗೆ ಸಿಕ್ಕಿತು. ಬಾಗಿಲು ತೆಗೆದರೆ ಇಂದುಧರ ಬೆಂಚಿನ ಮೇಲಲ್ಲ, ನೆಲದ ಮೇಲೆ, ರವಿಕೆಯ ಗಂಟನ್ನು ತಬ್ಬಿಕೊಂಡು ಕೂತಿದ್ದರು. ಕಣ್ಣು ಇನ್ನೂ ಮುಚ್ಚಿತ್ತು.

“ಬಂತು ಕಣ್ರೀ, ಕಣ್ಣು ಬಿಡಿ” ಅಂದೆ.

“ಆಚೆಗುಡ್ಡನಾ?” ಅಂದರು.

“ನಿಮ್ಮ ತಲೆ! ಫೋನ್ ಯಾರಿಗೆ ಕಾಯೋಕೆ ಬಿಟ್ಟು ಹೋಗಿದ್ರಿ? ನಾನೇನು ಸತ್ತು ಹೋಗ್ಲಾ ನಿಮ್ಮ ಹಿಂದೆ?” ಅಂತ ಬೈಯುತ್ತ ಬೈಯುತ್ತ ಅತ್ತುಬಿಟ್ಟೆ. ಎಲ್ಲರ ಎದುರಿಗೇ. ಅವರು ನನ್ನ ಕೈ ಹಿಡಿದುಕೊಂಡು ಎದ್ದರು, ಎದ್ದ ಮೇಲೂ ಬಿಡಲಿಲ್ಲ.

ಅಷ್ಟರಲ್ಲಿ ಯಾರೋ “ದೇವೀರಮ್ಮನೋರು!” ಅಂದರು. ಅವರು ದಿಬ್ಬ ಇಳಿದು ಬಂದು ಜನರ ನಡುವೆ ನಿಂತಿದ್ದರು. ಕಟ್ಟೆಯ ಮೇಲೆ ಚಪ್ಪಾಳೆ ಬಿತ್ತು. “ಕೇಳುಮನೆ ಅಂದ್ರೆ ಇದಪ್ಪಾ!” ಅಂದ ಒಬ್ಬ. ಗುರುಬಸಪ್ಪ ಕೈ ಎತ್ತಿ ಜನರನ್ನು ಸುಮ್ಮನಿರಿಸಿದರು. ನನ್ನ ಮೊಣಕೈ ತಗುಲಿದ ಜಾಗವನ್ನು ಇನ್ನೂ ಉಜ್ಜಿಕೊಳ್ಳುತ್ತಿದ್ದರು.

“ಎಲ್ಲಾ ಸರಿ. ಇಂದುಧರ ಬದುಕಿ ಬಂದ, ಸಂತೋಷ. ಆದ್ರೆ ಇವತ್ತು ಈ ಚಂಪಾ ಕೇಳುಮನೆ ಹೊಸ್ತಿಲು ದಾಟಿದಾಳೆ. ಇಷ್ಟು ವರ್ಷ ಒಂದು ಕೂಗು ತಪ್ಪು ಹೇಳದ ಮನೇನ ಊರ ಮುಂದೆ ಸುಳ್ಳರ ಮನೆ ಮಾಡಿದಾಳೆ. ಎಲ್ಲರೆದುರಿಗೆ ಅವರ ಕ್ಷಮೆ ಕೇಳ್ಬೇಕು. ಈಗ್ಲೇ.”

ಹೌದು ಹೌದು ಅಂದಿತು ಜನ. ಈಗ ತಾನೇ ನನ್ನ ಗಂಡನಿಗಾಗಿ ದೇವರನ್ನು ಕರೆದ ಬಾಯಿಗಳೇ. ನನ್ನ ನಾಲಿಗೆಯ ತುದಿಗೆ ಎಲ್ಲ ಬಂದು ನಿಂತಿತ್ತು. ಹೇಳುವುದು ಒಂದೇ ವಾಕ್ಯ. ದೇವೀರಮ್ಮನ ಕಡೆ ನೋಡಿದೆ. ಅವರು ಒಂದು ಬಾಯಿಂದ ಇನ್ನೊಂದು ಬಾಯಿಗೆ ಕಣ್ಣು ಓಡಿಸುತ್ತ, ಏನೋ ಒಳ್ಳೆಯದನ್ನೇ ಹೇಳುತ್ತಿರಬೇಕು ಅಂತ ಸಣ್ಣಗೆ ನಗುತ್ತಿದ್ದರು. ಆ ನಗು ನೋಡಿ ನನ್ನ ವಾಕ್ಯ ಹಿಂದಕ್ಕೆ ಹೋಯಿತು. ಹಾಳಾಗಲಿ, ನನ್ನ ಮನುಷ್ಯ ನನ್ನ ಕೈಯಲ್ಲಿದ್ದಾರೆ, ನನಗಿನ್ನೇನು ಬೇಕು ಅಂದುಕೊಂಡು ಅವರೆದುರಿಗೆ ಹೋಗಿ ಕೈ ಮುಗಿದೆ.

“ತಪ್ಪಾಯ್ತು ದೇವೀರಮ್ಮನೋರೇ” ಅಂದೆ.

ಅವರು ನನ್ನ ಮುಗಿದ ಕೈ ನೋಡಿದರು. ಜನರನ್ನು ನೋಡಿದರು. ಗುರುಬಸಪ್ಪನ ಎತ್ತಿದ ಬೆರಳು ನೋಡಿದರು. ನಗು ನಿಂತುಹೋಯಿತು. ನನ್ನ ಕೈಗಳನ್ನು ಬಿಡಿಸಿ ಕೆಳಗಿಳಿಸಿದರು. ಆಮೇಲೆ ದಿನಾ ಬೆಳಿಗ್ಗೆ ಊರು ಕೇಳುವ ಅದೇ ದನಿಯಲ್ಲಿ, ಗಂಟಲೆತ್ತಿ ಹೇಳಿದರು.

“ಏನಂತಿದಾರೆ ಚಂಪಾ ಇವರು? ನೀನ್ಯಾಕೆ ಕೈ ಮುಗೀತೀಯಾ? ಬರೆದಾದ್ರೂ ತೋರಿಸಿ, ಕೈಯಾಡಿಸಿಯಾದ್ರೂ ಹೇಳಿ. ನನಗೆ ಕಿವಿ ಕೇಳಲ್ಲ.”

ಗುರುಬಸಪ್ಪನ ಬೆರಳು ಕೆಳಗಿಳಿಯಿತು. ಕಮರಿಯ ಗಾಳಿ ಒಂದೇ ಸುಯ್ಯೆನ್ನುತ್ತಿತ್ತು.

“ಒಂದು ವರ್ಷ ಆಯ್ತು” ಅಂದರು ದೇವೀರಮ್ಮ. “ನಾನು ಅಂದಾಜು ಹೇಳ್ತಿದ್ದೆ. ಇವತ್ತು ಕೇಳಿದ್ದು ಇವಳ ಕಿವಿ.” ಅಷ್ಟು ಹೇಳಿ, ಬೆನ್ನು ನೆಟ್ಟಗೆ ಮಾಡಿಕೊಂಡು ದಿಬ್ಬ ಹತ್ತಿ ಹೊರಟರು. ಜನ ದಾರಿ ಬಿಟ್ಟರು. ಒಬ್ಬಿಬ್ಬರು ಥೂ ಅಂದರು, ಒಬ್ಬಾಕೆ ಕಣ್ಣೊರೆಸಿಕೊಂಡಳು. ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡದೆ ಚದುರತೊಡಗಿದರು. ಹೈಸ್ಕೂಲಿನ ಕೇಳುಮನೆಯ ಪುಟ್ಟತಾಯಿ ಹೂವಿನ ಬುಟ್ಟಿ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಮನೆಯ ಕಡೆ ನಡೆದಳು.

ನಾನೂ ಇಂದುಧರರನ್ನು ಕರೆದುಕೊಂಡು ಹೊರಟೆ. ಅವರು ಮಗುವಿನ ಹಾಗೆ ನನ್ನ ಕೈ ಹಿಡಿದೇ ಇದ್ದರು. ಸ್ಟೇಷನ್ನಿನ ಗೇಟು ದಾಟುವಾಗ ಹಿಂದಿನಿಂದ ಯಾರೋ ಏದುಸಿರು ಬಿಡುತ್ತ ಬಂದರು.

“ಚಂಪಕ್ಕಾ.”

ಗುರುಬಸಪ್ಪ. ಅವರ ಬಾಯಲ್ಲಿ ನಾನು ಯಾವತ್ತೂ ಅಕ್ಕ ಆಗಿದ್ದವಳಲ್ಲ. ಮುಖ ಬಿಳುಚಿಕೊಂಡಿತ್ತು. ಕ್ಷಮೆಯ ಮಾತೇ ಎತ್ತುವವರು ಅಂದುಕೊಂಡು ನಾನೂ ಸೆರಗು ಬಿಗಿದು ನಿಂತೆ.

“ಒಂದ್ನಿಮಿಷ ನಮ್ಮನೆಗೆ ಬಂದು ಹೋಗ್ತೀರಾ? ಒಳಗೇ ಬನ್ನಿ, ನಡುಮನೆಗೆ.” ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. “ಆಸ್ಪತ್ರೆ ಯಂತ್ರದ್ದು. ದಿನಾ ಒಂದು ಗಿಡ್ಡ ಕೇಳುತ್ತೆ ನಂಗೆ. ಇವತ್ತು ಬೆಳಿಗ್ಗೇನೂ ಕೇಳ್ತು, ಹೋಗಿ ಹೇಳಿಬಂದೆ. ಈಗ ಯೋಚಿಸಿದ್ರೆ… ನಿಜವಾಗ್ಲೂ ಕೇಳ್ತಾ, ಇಲ್ಲಾ ಅಭ್ಯಾಸಕ್ಕೆ ಕೇಳ್ತಾ ಅಂತ ಗೊತ್ತಾಗ್ತಿಲ್ಲ.”

ಇಂದುಧರ ನನ್ನ ಕೈ ಬಿಟ್ಟರು. “ಹೋಗು” ಅಂದರು.

ಗುರುಬಸಪ್ಪ ಮುಂದೆ, ನಾನು ಹಿಂದೆ. ಮೊದಲು ನಡೆದೆವು. ಆಸ್ಪತ್ರೆಯ ಕಿಟಕಿಗಳು ಕಾಣುವ ತಿರುವು ಬಂದ ಮೇಲೆ ಇಬ್ಬರೂ ಓಡತೊಡಗಿದೆವು.